ಮಾಸ್ತರು ಬರೆದ ತಾರೀಖು

ಮೇ ತಿಂಗಳ ಕೊನೆಯ ವಾರ. ಅಂಕೋಲಾ ಪೇಟೆಗೆ ಒತ್ತಿಕೊಂಡಂತಿರುವ ಬೊಬ್ರುವಾಡದಲ್ಲಿ ಯಾರಿಗೂ ಪುರುಸೊತ್ತಿಲ್ಲ. ಮಾಡು ಹತ್ತಿದವರು ಒಡೆದ ಹಂಚು ಬದಲಿಸುತ್ತಿದ್ದಾರೆ. ಕೆಳಗಿನವರು ಕಟ್ಟಿಗೆ, ತೆಂಗಿನ ಮಡ್ಲು, ಸಿಪ್ಪೆಗಳನ್ನೆಲ್ಲ ಒಳಗೆ ಸಾಗಿಸುತ್ತಿದ್ದಾರೆ. ಅಂಗಳದಲ್ಲಿ ಹರವಿದ ಮೀನಿಗೆ ಕಾಗೆ ಬಾರದಂತೆ ಅಜ್ಜಿ ಕೋಲು ಹಿಡಿದು ಕೂತಿದ್ದಾರೆ. ಪೇಟೆಯಲ್ಲಿ ಕರಿ ಇಶಾಡು ಮಾವಿನ ಕೊನೆಯ ಬುಟ್ಟಿಗಳ ಪಕ್ಕದಲ್ಲೇ ಕೊಡೆ, ರೇನ್‌ಕೋಟು, ಪಾಟೀಚೀಲ, ಪುಸ್ತಕಕ್ಕೆ ಹಾಕುವ ಖಾಕಿ ಕಾಗದ. ಅತ್ತ ಕಾರವಾರದ ಬೈತಖೋಲದಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಂತಿವೆ. ದೂರದ ರಾಜ್ಯಗಳಿಂದ ಬಂದಿದ್ದ ಬೋಟಿನ ಕೆಲಸಗಾರರು ಗಂಟುಮೂಟೆ ಕಟ್ಟಿ ರೈಲು ಹತ್ತುತ್ತಿದ್ದಾರೆ.

ಈ ಗಡಿಬಿಡಿಯೆಲ್ಲ ಒಂದು ತಾರೀಖಿನ ಒಳಗೆ ಮುಗಿಯಬೇಕು. ಜೂನ್ 1.

ಆ ದಿನ ಬೆಳಗಾದರೆ ಮೋಡಕ್ಕಿಂತ ಮೊದಲು ಮೊಬೈಲು ಸುರಿಯಲು ಶುರು. ನಿವೃತ್ತ ಮಾಸ್ತರಿಗೆ ಹುಟ್ಟುಹಬ್ಬದ ಶುಭಾಶಯ. ಅವರ ತಮ್ಮನಿಗೂ ಶುಭಾಶಯ. ಬ್ಯಾಂಕಿನ ಕ್ಯಾಷಿಯರ್, ಬಸ್ಸಿನ ಕಂಡಕ್ಟರ್, ಪಂಚಾಯ್ತಿ ಮಾಜಿ ಸದಸ್ಯ, ಹಳೆಯ ವರ್ಗದ ಅರ್ಧ ಗೆಳೆಯರು, ಎಲ್ಲರೂ ಒಂದೇ ದಿನ ಹುಟ್ಟಿದವರು. ಕೇಕು ತಿಂದು ನಗುತ್ತಾರೆ, ಏಕೆಂದರೆ ಅವರಿಗೂ ಗೊತ್ತು, ಕಳಿಸಿದವರಿಗೂ ಗೊತ್ತು. ಅವರಲ್ಲಿ ಹೆಚ್ಚಿನವರು ಆ ದಿನ ಹುಟ್ಟಿಯೇ ಇಲ್ಲ.

ಪತ್ರಿಕೆಗಳ ‘ಈ ದಿನದ ವಿಶೇಷ’ ಅಂಕಣ ನೋಡಿದಾಗಲೆಲ್ಲ ನಮಗೆ ಒಂದು ಸಣ್ಣ ಬೆರಗು ಇರುತ್ತದೆ: ಇಷ್ಟೆಲ್ಲ ಒಂದೇ ದಿನ ಹೇಗೆ ಕೂಡಿಬಂತು? ಜೂನ್ 1 ಅದಕ್ಕೆ ಒಳ್ಳೆಯ ಉದಾಹರಣೆ. ಇಲ್ಲಿ ತಾನಾಗಿ ಕೂಡಿಬಂದದ್ದು ಕಡಿಮೆ. ಯಾರೋ ಕೂತು ಕೂಡಿಸಿದ್ದೇ ಬಹಳ.

ಹಾಲಿನ ದಿನ, ಹವಳದ ದಿನ

ಮೊದಲು ಜಗತ್ತಿನ ಆಚರಣೆಗಳನ್ನು ನೋಡಿಬಿಡೋಣ. ಜೂನ್ 1 ವಿಶ್ವ ಹಾಲು ದಿನ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2001ರಲ್ಲಿ ಇದನ್ನು ಶುರುಮಾಡಿತು. ಈ ದಿನವೇ ಏಕೆ ಎಂದರೆ, ಹಲವು ದೇಶಗಳು ಹೆಚ್ಚುಕಡಿಮೆ ಆ ಹೊತ್ತಿಗೇ ತಮ್ಮ ತಮ್ಮ ಹಾಲಿನ ದಿನ ಮಾಡುತ್ತಿದ್ದವು. ಎಲ್ಲವನ್ನೂ ಸೇರಿಸಿ ತಿಂಗಳ ಮೊದಲ ದಿನಕ್ಕೆ ಇಟ್ಟರು, ಅಷ್ಟೇ. ನಮ್ಮ ದೇಶಕ್ಕೆ ಇದು ಸಾಲದೆ ವರ್ಗೀಸ್ ಕುರಿಯನ್ ಹುಟ್ಟಿದ ನವೆಂಬರ್ 26ನ್ನು ರಾಷ್ಟ್ರೀಯ ಹಾಲು ದಿನವಾಗಿ ಬೇರೆಯೇ ಆಚರಿಸುತ್ತೇವೆ.

ಇದೇ ದಿನ ವಿಶ್ವಸಂಸ್ಥೆಯ ಜಾಗತಿಕ ಪಾಲಕರ ದಿನವೂ ಹೌದು. ಅದನ್ನು ಮಹಾಸಭೆ ಘೋಷಿಸಿದ್ದು 2012ರಲ್ಲಿ. ಚೀನಾ, ರಷ್ಯಾ ಮತ್ತು ಹಿಂದೆ ಸಮಾಜವಾದಿ ಆಡಳಿತವಿದ್ದ ಅನೇಕ ದೇಶಗಳಿಗೆ ಜೂನ್ 1 ಮಕ್ಕಳ ದಿನ. 1949ರಲ್ಲಿ ಮಾಸ್ಕೋದಲ್ಲಿ ಸೇರಿದ ಮಹಿಳೆಯರ ಅಂತರರಾಷ್ಟ್ರೀಯ ಸಭೆಯಲ್ಲಿ ತೀರ್ಮಾನವಾಗಿ, ಮರುವರ್ಷದಿಂದ ಅದು ನಡೆದುಬಂದಿದೆ. ಅಲ್ಲಿನ ಮಕ್ಕಳಿಗೆ ಆ ದಿನ ಬೆಲೂನು, ಮಿಠಾಯಿ. ನಮ್ಮ ಕಡೆ ಶಾಲೆ ಬಾಗಿಲು ತೆರೆಯುವ ದಿನ. ಗೇಟಿನ ಸರಳು ಹಿಡಿದು ಅಳುವ ಮಗು, ಅದನ್ನು ಬಿಡಿಸುವ ಪಾಲಕರು: ಎರಡೂ ದಿನಾಚರಣೆ ಒಟ್ಟಿಗೇ ಆಗಿಹೋಗುತ್ತದೆ.

ಹವಳದ ದಿಬ್ಬಗಳ ಬಗ್ಗೆ ಜಾಗೃತಿ ಮೂಡಿಸುವ ದಿನವೊಂದೂ ಜೂನ್ 1ಕ್ಕೇ ಬಿದ್ದಿದೆ. ನಮ್ಮ ಜಿಲ್ಲೆಗೆ ಇದು ಸಂಬಂಧಪಟ್ಟದ್ದೇ, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಆದರೆ ಜೂನ್ ಬಂತೆಂದರೆ ಅಲ್ಲಿಗೆ ದೋಣಿ ಹೋಗದು, ಮುಳುಗುವವರೂ ಇಲ್ಲ. ನಮ್ಮ ಮಳೆಗಾಲ ನೋಡಿ ಇಟ್ಟ ದಿನವಂತೂ ಅಲ್ಲ ಅದು.

ಇನ್ನು ಅಮೆರಿಕದಿಂದ ಬರುವ ಪುಡಿ ದಿನಗಳು: ನಾಣ್ಯ ಚಿಮ್ಮುವ ದಿನ, ಡೈನೊಸಾರ್ ದಿನ, ಯಾರಿಗಾದರೂ ಒಳ್ಳೆ ಮಾತಾಡುವ ದಿನ. ಇವಕ್ಕೆ ಸಭೆಯೂ ಇಲ್ಲ, ಠರಾವೂ ಇಲ್ಲ. ಅಲ್ಲಿ 1957ರಲ್ಲಿ ಚೇಸ್ ಎಂಬ ಸಹೋದರರು ಶುರುಮಾಡಿದ ಒಂದು ವಾರ್ಷಿಕ ದಿನಸೂಚಿ ಇದೆ. ಯಾರು ಬೇಕಾದರೂ ತಮ್ಮದೊಂದು ದಿನವನ್ನು ಅದಕ್ಕೆ ಬರೆದು ಕಳಿಸಬಹುದು. ಸಂಪಾದಕರಿಗೆ ಸರಿಕಂಡರೆ ಅಚ್ಚಾಗುತ್ತದೆ, ಅಚ್ಚಾದದ್ದನ್ನು ಉಳಿದವರು ಎತ್ತಿಕೊಳ್ಳುತ್ತಾರೆ. ನಾಳೆ ಯಾರಾದರೂ ‘ಬಂಗಡೆ ಸಾರಿನ ದಿನ’ ಎಂದು ಹೊರಡಿಸಿದರೂ ತಡೆಯುವವರಿಲ್ಲ. ನನ್ನ ಒಪ್ಪಿಗೆಯಂತೂ ಇದೆ.

ಕಿವಿ ಮುಟ್ಟಿದರೆ ವಯಸ್ಸಾಯಿತು

ಈಗ ನಮ್ಮ ಹುಟ್ಟುಹಬ್ಬಗಳಿಗೆ ಬರೋಣ. ನಾಲ್ಕೈದು ದಶಕಗಳ ಹಿಂದಿನ ಯಾವುದೇ ಹಳ್ಳಿ ಶಾಲೆಯಲ್ಲಿ ಮಗುವನ್ನು ಸೇರಿಸುವ ದೃಶ್ಯ ಹೀಗಿರುತ್ತಿತ್ತು. ಮಾಸ್ತರು ದಾಖಲಾತಿ ರಜಿಸ್ಟರ್ ಬಿಡಿಸಿ ಕೂತಿರುತ್ತಾರೆ. ತಾಯಿ ಬಾಗಿಲ ಬದಿಗೆ ನಿಂತಿರುತ್ತಾಳೆ.

“ಯಾವಾಗ ಹುಟ್ಟಿದ್ದೇ ಇವ?”

“ಬಂಡಿಹಬ್ಬ ಮುಗದು ಎಂಟು ದಿನಕ್ಕೆ, ಮಾಸ್ತರೇ.”

“ಯಾವ ವರ್ಷದ್ದು?”

“ದೊಡ್ಡ ಗಾಳಿ ಬಂದು ನಮ್ಮನೆ ತೆಂಗಿನಮರ ಬಿದ್ದಿತ್ತಲ್ಲ, ಆ ವರ್ಷ.”

ತಾಯಿ ಹೇಳಿದ್ದರಲ್ಲಿ ತಪ್ಪಿಲ್ಲ. ಅವಳ ಲೆಕ್ಕದಲ್ಲಿ ಅದು ಖಚಿತ ತಾರೀಖೇ. ತೊಂದರೆ ಇರುವುದು ಅದನ್ನು ಇಂಗ್ಲಿಷ್ ಕ್ಯಾಲೆಂಡರಿಗೆ ತರುವುದರಲ್ಲಿ. ಅಂಕೋಲೆಯ ಬಂಡಿಹಬ್ಬ ವೈಶಾಖ ಮಾಸದ್ದು, ಚಂದ್ರನ ಲೆಕ್ಕದ್ದು. ಚಾಂದ್ರಮಾನದ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಅದನ್ನು ಸರಿದೂಗಿಸಲು ಮೂರು ವರ್ಷಕ್ಕೊಮ್ಮೆಯಂತೆ ಅಧಿಕಮಾಸ ಬರುತ್ತದೆ. ಹೀಗಾಗಿ ಹಬ್ಬ ಒಂದು ವರ್ಷ ಏಪ್ರಿಲ್ ಕೊನೆಯಲ್ಲಿದ್ದರೆ ಇನ್ನೊಂದು ವರ್ಷ ಮೇ ಕೊನೆಗೆ ಬೀಳುತ್ತದೆ. ಏಳು ವರ್ಷದ ಹಿಂದಿನ ಪಂಚಾಂಗ ಹುಡುಕಿ ಲೆಕ್ಕ ಹಾಕುವಷ್ಟು ಸಮಯ ಮಾಸ್ತರಿಗೆ ಎಲ್ಲಿಂದ? ಬಾಗಿಲಲ್ಲಿ ಇನ್ನೂ ಹತ್ತು ತಾಯಂದಿರು ನಿಂತಿದ್ದಾರೆ.

ಅದಕ್ಕೊಂದು ಸುಲಭ ಪರೀಕ್ಷೆ ಇತ್ತು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿತೆಂದರೆ ಶಾಲೆಯ ವಯಸ್ಸು ಆಯಿತು. ಚಿಕ್ಕ ಮಕ್ಕಳಲ್ಲಿ ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದು, ಕೈ ಗಿಡ್ಡ; ಆರರ ಸುಮಾರಿಗೆ ಕೈ ಕಿವಿಗೆ ಎಟುಕುತ್ತದೆ. ಆದ್ದರಿಂದ ಈ ಪರೀಕ್ಷೆಯಲ್ಲಿ ಒಂದಿಷ್ಟು ವಿಜ್ಞಾನವೂ ಇತ್ತು. ವರ್ಷ ಅಂದಾಜಾಯಿತು. ತಿಂಗಳು ಮತ್ತು ದಿನ?

ಶಾಲೆ ಶುರುವಾಗುವುದು ಜೂನ್ 1ಕ್ಕೆ. ನಿಯಮದ ಪ್ರಕಾರ ವಯಸ್ಸು ಲೆಕ್ಕ ಹಾಕುವುದೂ ಆ ದಿನಕ್ಕೇ. ಅಂದರೆ ಮಗು ಜೂನ್ 1ರಂದೇ ಹುಟ್ಟಿದೆ ಎಂದು ಬರೆದರೆ ವಯಸ್ಸು ಸರಿಯಾಗಿ ಇಷ್ಟು ವರ್ಷ, ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ಕಳೆಯುವ ಲೆಕ್ಕ ಸುಲಭ, ಮೇಲಧಿಕಾರಿಯ ತಪಾಸಣೆಗೂ ಕ್ಷೇಮ. ಮಾಸ್ತರ ಪೆನ್ನು ಅಲ್ಲಿಗೆ ಇಳಿಯಿತು. ಮುಂದಿನ ಮಗುವಿಗೂ ಅದೇ. ಅದರ ಮುಂದಿನದಕ್ಕೂ ಅದೇ. ಅಣ್ಣ ತಮ್ಮ ತಂಗಿ ಮೂವರೂ ಬೇರೆ ಬೇರೆ ವರ್ಷದ ಜೂನ್ 1ರಂದು ಹುಟ್ಟಿದ ಮನೆಗಳು ನಮ್ಮ ಕಡೆ ಬೇಕಷ್ಟಿವೆ. ಕೆಲವು ಮಾಸ್ತರರಿಗೆ ಮೇ, ಜುಲೈ ತಿಂಗಳುಗಳೂ ಪ್ರಿಯವಾಗಿದ್ದವು. ಆದರೆ ಜೂನ್ 1ರ ಮುಂದೆ ಅವು ನಿಲ್ಲಲಿಲ್ಲ.

ಜಾತಕ ಬರೆಸುವ ಮನೆಗಳಲ್ಲಿ ಘಳಿಗೆ ಸಮೇತ ಲೆಕ್ಕ ಇರುತ್ತಿತ್ತು. ಹಾಲಕ್ಕಿ ಒಕ್ಕಲಿಗರು, ಹರಿಕಂತ್ರರು, ಆಗೇರರಂಥ ಸಮುದಾಯಗಳ ಮನೆಗಳಲ್ಲಿ ಜಾತಕ ಇಲ್ಲದ್ದರಿಂದ ನೆನಪೇ ದಾಖಲೆ. ಹಾಲಕ್ಕಿಗಳಲ್ಲಿ ಸೋಮು, ಸುಕ್ರು, ಸುಕ್ರಿ ಮುಂತಾದ ಹೆಸರುಗಳಲ್ಲೇ ಹುಟ್ಟಿದ ವಾರದ ಗುರುತು ಉಳಿದಿದೆ. ತಾರೀಖು ಮಾತ್ರ ಇಲ್ಲ. ಅಂಕೋಲಾ ತಾಲ್ಲೂಕಿನ ಇಬ್ಬರು ಪದ್ಮಶ್ರೀ ಪುರಸ್ಕೃತರಾದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, ಮರ ಬೆಳೆಸಿದ ತುಳಸಿ ಗೌಡ ಇಬ್ಬರೂ ಇಂಥ ಮನೆಗಳಿಂದಲೇ ಬಂದವರು. 2024ರ ಡಿಸೆಂಬರ್ 16ರಂದು ತುಳಸಿ ಗೌಡರು ತೀರಿಕೊಂಡಾಗ ಪತ್ರಿಕೆಗಳು ಕೊಟ್ಟ ವಯಸ್ಸಿಗೂ ಅದಕ್ಕೆ ಮೊದಲು ಕೆಲವೆಡೆ ಅಚ್ಚಾಗಿದ್ದ ಹುಟ್ಟಿದ ವರ್ಷಕ್ಕೂ ತಾಳೆ ಬೀಳಲಿಲ್ಲ. ಸಾವಿನ ದಿನ ದೇಶಕ್ಕೇ ಗೊತ್ತು, ಹುಟ್ಟಿದ ವರ್ಷ ಅಂದಾಜು.

ಮುಖ್ಯಮಂತ್ರಿ ಸ್ಥಾನಕ್ಕೇರಿದ ಸಿದ್ದರಾಮಯ್ಯನವರೂ ತಮ್ಮ ಜನ್ಮದಿನ ಶಾಲೆಯಲ್ಲಿ ಮೇಷ್ಟ್ರು ಬರೆಸಿಕೊಂಡದ್ದೆಂದು ಹಲವು ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ. ಅವರದು ಆಗಸ್ಟ್ 3. ಜೂನ್ 1ರ ಬಳಗಕ್ಕೆ ಅವರು ಸೇರಲಿಲ್ಲ.

ಹೊರದೇಶಗಳಲ್ಲಿ ಈ ಕೆಲಸ ಜನವರಿ 1 ಮಾಡುತ್ತದೆ. ಸೊಮಾಲಿಯಾ, ಆಫ್ಘಾನಿಸ್ತಾನಗಳಿಂದ ದಾಖಲೆಯಿಲ್ಲದೆ ಬಂದ ನಿರಾಶ್ರಿತರಿಗೆ ಅಮೆರಿಕ, ಯುರೋಪಿನ ಅಧಿಕಾರಿಗಳು ಕೊಡುವ ಹುಟ್ಟಿದ ದಿನ ಬಹುತೇಕ ಅದೇ. ಉತ್ತರಾರ್ಧ ಗೋಳದ ರೇಸು ಕುದುರೆಗಳಿಗೂ ಜನವರಿ 1ಕ್ಕೇ ಒಂದು ವರ್ಷ ತುಂಬುತ್ತದೆ, ಹುಟ್ಟಿದ್ದು ಯಾವಾಗಲೇ ಇರಲಿ. ಪಂದ್ಯಕ್ಕೆ ವಯೋಮಿತಿ ನೋಡಲು ಅನುಕೂಲ. ಕಚೇರಿಗೆ ಮನುಷ್ಯನೂ ಕುದುರೆಯೂ ಒಂದೇ.

ಮೇ 31ರ ಹಾರ, ತುರಾಯಿ

ಇದೆಲ್ಲ ತಮಾಷೆಯಾಗಿಯೇ ಉಳಿಯಬಹುದಿತ್ತು. ಆದರೆ ರಜಿಸ್ಟರಿನಲ್ಲಿ ಬರೆದ ತಾರೀಖು ಅಲ್ಲಿಗೇ ನಿಲ್ಲುವುದಿಲ್ಲ. ಅದು ವರ್ಗಾವಣೆ ಪತ್ರಕ್ಕೆ ಇಳಿಯುತ್ತದೆ, ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ನೌಕರಿ, ಪಾಸ್‌ಪೋರ್ಟ್, ಆಧಾರ್‌ಗೆ. ಒಮ್ಮೆ ಅಂಕಪಟ್ಟಿಯಲ್ಲಿ ಅಚ್ಚಾಯಿತೆಂದರೆ ಅದೇ ಸತ್ಯ. ಆರೋಪಿ ಬಾಲಕನೋ ವಯಸ್ಕನೋ ಎಂಬ ಪ್ರಶ್ನೆ ಎದ್ದರೂ 2015ರ ಬಾಲನ್ಯಾಯ ಕಾಯ್ದೆ ಮೊದಲು ನೋಡುವ ಕಾಗದಗಳಲ್ಲಿ ಶಾಲೆಯ ದಾಖಲೆ ಇದೆ.

ಸರ್ಕಾರಿ ನೌಕರರಿಗೆ ಇದರ ಬಿಸಿ ತಾಗುವುದು ಕೊನೆಗೆ. ಕರ್ನಾಟಕದಲ್ಲಿ ನಿವೃತ್ತಿ ವಯಸ್ಸು 60. ವಯಸ್ಸು ತುಂಬುವ ತಿಂಗಳ ಕೊನೆಯ ದಿನ ಬಿಡುಗಡೆ. ಆದರೆ ತಿಂಗಳ 1ನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಹೊರಡಬೇಕು. ಹಾಗಾಗಿ ಜೂನ್ 1ರವರೆಲ್ಲ ಮೇ 31ರ ಸಂಜೆ ಮನೆಗೆ. ಶಾಲೆ, ತಾಲ್ಲೂಕು ಕಚೇರಿ, ಸಾರಿಗೆ ಡಿಪೊ ಎಲ್ಲೆಡೆ ಅಂದು ಹಾರ, ತುರಾಯಿ, ಫಲತಾಂಬೂಲ. ನೆರೆಯ ಕೇರಳದಲ್ಲೂ ಇದೇ ಶಾಲಾ ತಾರೀಖಿನ ಕಾರಣದಿಂದ ಪ್ರತಿ ಮೇ 31ಕ್ಕೆ ಸಾವಿರಾರು ನೌಕರರು ಒಮ್ಮೆಗೇ ನಿವೃತ್ತರಾಗುತ್ತಾರೆ, ಅಷ್ಟು ಜನರ ನಿವೃತ್ತಿ ಹಣ ಹೊಂದಿಸುವುದು ಖಜಾನೆಗೆ ಪ್ರತಿ ವರ್ಷದ ತಲೆನೋವು. ನಿಜವಾಗಿ ಅಕ್ಟೋಬರಿನಲ್ಲಿ ಹುಟ್ಟಿದವರನ್ನು ಅದೇ ವರ್ಷದ ಜೂನ್‌ಗೆ ಬರೆದಿದ್ದರೆ ಐದು ತಿಂಗಳ ಸಂಬಳ ಹೋಯಿತು. ಮುಂದಿನ ಜೂನ್‌ಗೆ ಬರೆದಿದ್ದರೆ ಏಳು ತಿಂಗಳು ಲಾಭ. ಮಾಸ್ತರ ಪೆನ್ನಿನ ಮರ್ಜಿ.

ತಿದ್ದಿಸಿಕೊಳ್ಳಬಾರದೇ? ನಿವೃತ್ತಿ ಹತ್ತಿರ ಬಂದಾಗ ಅಜ್ಜಿಯ ನೆನಪು ಹಿಡಿದು ನ್ಯಾಯಾಲಯಕ್ಕೆ ಹೋದವರು ಕಡಿಮೆಯಿಲ್ಲ. ಅದಕ್ಕೆಂದೇ ರಾಜ್ಯ ಸರ್ಕಾರ 1974ರಲ್ಲಿ ನೌಕರರ ವಯೋನಿರ್ಣಯಕ್ಕೆ ಪ್ರತ್ಯೇಕ ಕಾಯ್ದೆ ತಂದು, ಕಾಲಮಿತಿ ಮೀರಿ ಬಂದವರಿಗೆ ಬಾಗಿಲು ಮುಚ್ಚಿತು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರ ಹುಟ್ಟಿದ ವರ್ಷ 1950ರದ್ದೋ 1951ರದ್ದೋ ಎಂಬ ಜಗಳ 2012ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1950ರದ್ದೇ ಉಳಿಯಿತು. ಅವರು ನಿವೃತ್ತರಾದದ್ದೂ ಒಂದು ಮೇ 31ರಂದೇ.

ಇಂದಿಗೂ ರಾಜ್ಯದಲ್ಲಿ ಒಂದನೇ ತರಗತಿಗೆ ಸೇರಿಸಲು ವಯಸ್ಸು ನೋಡುವುದು ಜೂನ್ 1ಕ್ಕೆ. ಆ ದಿನಕ್ಕೆ 6 ವರ್ಷ ತುಂಬಿರಬೇಕೆಂದು 2022ರಲ್ಲಿ ಆದೇಶವಾಯಿತು. 2025-26ರಿಂದ ಜಾರಿಗೆ ಬರಬೇಕಿದ್ದಾಗ ಪಾಲಕರು ಗದ್ದಲವೆಬ್ಬಿಸಿದ್ದರಿಂದ ಆ ಒಂದು ವರ್ಷಕ್ಕೆ 5 ವರ್ಷ 5 ತಿಂಗಳಿಗೆ ಸಡಿಲಿಸಿದರು. ಮೊದಲು ಮಕ್ಕಳ ತಾರೀಖನ್ನು ಜೂನ್ 1ಕ್ಕೆ ಹೊಂದಿಸುತ್ತಿದ್ದರು. ಈಗ ತಾರೀಖು ಆಸ್ಪತ್ರೆಯಲ್ಲೇ ಗಟ್ಟಿಯಾಗಿರುವುದರಿಂದ ನಿಯಮವನ್ನು ಹೊಂದಿಸಬೇಕಾಗಿದೆ.

ನಿಜಕ್ಕೂ ಜೂನ್ 1ರಂದು ಹುಟ್ಟಿದವರು

ಹಾಗೆಂದು ಆ ದಿನ ಯಾರೂ ಹುಟ್ಟಿಲ್ಲವೆಂದಲ್ಲ. ಮರ್ಲಿನ್ ಮನ್ರೋ 1926ರ ಜೂನ್ 1, ನಮ್ಮ ನರ್ಗಿಸ್ 1929ರ ಜೂನ್ 1. ಮೂರು ವರ್ಷದ ಅಂತರದಲ್ಲಿ ಹುಟ್ಟಿ, ಒಂದೇ ಕಾಲದಲ್ಲಿ ಎರಡು ಚಿತ್ರರಂಗಗಳನ್ನು ಆಳಿದವರು. ನಟ ಮಾಧವನ್ 1970ರವರು. ಉಷ್ಣಯಂತ್ರಗಳು ಹೇಗೆ ಕೆಲಸ ಮಾಡುತ್ತವೆಂದು ಮೊದಲು ಬಿಡಿಸಿಟ್ಟ ಫ್ರಾನ್ಸಿನ ಸಾದಿ ಕಾರ್ನೊ 1796ರವರು. ಅದೇ ವಿದ್ಯೆಯ ಮೊಮ್ಮಗನೆನ್ನಬಹುದಾದ ಜೆಟ್ ಎಂಜಿನ್ನನ್ನು ಇಂಗ್ಲೆಂಡಿನಲ್ಲಿ ಕಟ್ಟಿದ ಫ್ರಾಂಕ್ ವಿಟಲ್ ಸರಿಯಾಗಿ 111 ವರ್ಷಗಳ ನಂತರ ಹುಟ್ಟಿದರು.

ಇದು ಅಪ್ಪಟ ಆಕಸ್ಮಿಕ. ಆದರೆ ಇಂಥ ಆಕಸ್ಮಿಕ ನಾವು ಅಂದುಕೊಂಡಷ್ಟು ಅಪರೂಪವೂ ಅಲ್ಲ. ಒಂದು ಕೋಣೆಯಲ್ಲಿ 23 ಜನರಿದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಂಭವ ಅರ್ಧಕ್ಕಿಂತ ಹೆಚ್ಚು. ನಂಬಲು ಕಷ್ಟ, ಲೆಕ್ಕ ಮಾತ್ರ ಸರಿ: 23 ಜನರಲ್ಲಿ 253 ಜೋಡಿಗಳಾಗುತ್ತವೆ. 57 ಜನರಿದ್ದರೆ ಆ ಸಂಭವ ನೂರಕ್ಕೆ 99. ನಮ್ಮ ಊರಿನ ಹಳೆಯ ಶಿಕ್ಷಕರ ಕೋಣೆಗೆ ಅಷ್ಟು ಜನವೂ ಬೇಕಾಗಿರಲಿಲ್ಲ, ಆ ಮಾತು ಬೇರೆ.

ಕಾರವಾರದ ಮಟ್ಟಿಗೆ ಹೇಳಲೇಬೇಕಾದ ಜೂನ್ 1ರ ಹುಟ್ಟು ಒಂದಿದೆ. 1842ರ ಆ ದಿನ ಕಲ್ಕತ್ತೆಯ ಠಾಕೂರರ ಮನೆಯಲ್ಲಿ ಹುಟ್ಟಿದವರು ಸತ್ಯೇಂದ್ರನಾಥ. ಐಸಿಎಸ್ ಪರೀಕ್ಷೆ ಪಾಸಾದ ಮೊದಲ ಭಾರತೀಯ. ಮುಂಬೈ ಪ್ರಾಂತದಲ್ಲಿ ಸೇವೆ ಮಾಡಿ, 1880ರ ದಶಕದ ಆರಂಭದಲ್ಲಿ ಕಾರವಾರದ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರ ಮನೆಗೆ ಬಂದು ಕೆಲಕಾಲ ಉಳಿದ ತಮ್ಮ ರವೀಂದ್ರನಾಥ ಕಾಳಿ ನದಿಯಲ್ಲಿ ದೋಣಿ ಹತ್ತಿದ್ದು, ಕಡಲ ದಂಡೆಯಲ್ಲಿ ಅಲೆದದ್ದು, ‘ಪ್ರಕೃತಿರ ಪ್ರತಿಶೋಧ’ ನಾಟಕ ಬರೆದದ್ದು ಪ್ರಸಿದ್ಧ. ಇಂದು ಕಾರವಾರದ ಕಡಲತೀರಕ್ಕೆ ತಮ್ಮನ ಹೆಸರಿದೆ. ತಮ್ಮನನ್ನು ಕರೆಸಿಕೊಂಡ ಅಣ್ಣನ ನೆನಪು ಊರಿನಲ್ಲಿ ಅಷ್ಟಾಗಿ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಸ್ವಾರಸ್ಯ. ಠಾಕೂರರ ಮನೆಗೆ ಹುಟ್ಟುಹಬ್ಬ ಮಾಡುವ ಪದ್ಧತಿಯನ್ನೇ ತಂದವರು ಸತ್ಯೇಂದ್ರನಾಥರ ಹೆಂಡತಿ ಜ್ಞಾನದಾನಂದಿನಿ ದೇವಿ. ಇಂಗ್ಲೆಂಡು ನೋಡಿ ಬಂದ ಅವರು ತಮ್ಮ ಮಕ್ಕಳ ಹುಟ್ಟುಹಬ್ಬ ಮಾಡತೊಡಗಿದರು. ಅದನ್ನು ಕಂಡು ಬೆಳೆದ ಸೋದರಸೊಸೆ ಸರಳಾದೇವಿ 1887ರಲ್ಲಿ ಸೋದರಮಾವ ರವೀಂದ್ರರ ಹುಟ್ಟುಹಬ್ಬವನ್ನು ಮೊದಲ ಬಾರಿ ಆಚರಿಸಿದರು. ದೇಶದ ಅತ್ಯಂತ ಪ್ರಸಿದ್ಧ ಜಯಂತಿಗಳಲ್ಲಿ ಒಂದರ ಮೂಲ ಅಲ್ಲಿದೆ.

ಸತ್ಯೇಂದ್ರನಾಥರ ಹಿಂದೆಯೇ ಐಸಿಎಸ್ ಗೆದ್ದ ಸುರೇಂದ್ರನಾಥ ಬ್ಯಾನರ್ಜಿಯವರನ್ನು 1869ರಲ್ಲಿ ಕೆಡವಿದ್ದೂ ವಯಸ್ಸಿನ ಲೆಕ್ಕವೇ. ಅರ್ಜಿಯಲ್ಲಿ ಒಂದು ವಯಸ್ಸು, ಹಳೆಯ ಶಾಲಾ ದಾಖಲೆಯಲ್ಲಿ ಇನ್ನೊಂದು. ನಮ್ಮಲ್ಲಿ ಗರ್ಭ ನಿಂತಾಗಿನಿಂದ ವಯಸ್ಸು ಎಣಿಸುವ ರೂಢಿಯಿದೆ ಎಂದು ಅವರು ಲಂಡನ್ನಿನ ನ್ಯಾಯಾಲಯದಲ್ಲಿ ವಾದಿಸಿ ಗೆದ್ದರು.

ಮಳೆ ತಾರೀಖು ನೋಡಿ ಬರುತ್ತದೆಯೇ?

ಶಾಲೆಯ ಜೂನ್ 1 ನಿಂತಿರುವುದು ಮಳೆಯ ಜೂನ್ 1ರ ಮೇಲೆ. ನೈಋತ್ಯ ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಅದೆಂದು ಹವಾಮಾನ ಇಲಾಖೆ ಹೇಳುತ್ತದೆ. 2020ರಲ್ಲಿ ದೇಶದ ಹಲವೆಡೆಯ ವಾಡಿಕೆ ದಿನಗಳನ್ನು ಪರಿಷ್ಕರಿಸಿದಾಗಲೂ ಕೇರಳದ ಜೂನ್ 1 ಬದಲಾಗಲಿಲ್ಲ. ನಮ್ಮ ಕರಾವಳಿ ತಲುಪಲು ಮತ್ತೆ ಕೆಲವು ದಿನ.

ಮುಂಗಾರು ಬಂತೆಂದು ಘೋಷಿಸಲು ಮೋಡ ಕವಿದು ಗುಡುಗಿದರೆ ಸಾಲದು. ಮಿನಿಕಾಯ್‌ನಿಂದ ಮಂಗಳೂರಿನವರೆಗೆ ಗೊತ್ತುಮಾಡಿದ 14 ಕೇಂದ್ರಗಳಿವೆ, ಕಾಸರಗೋಡಿನ ಕೂಡ್ಲು ಅವುಗಳಲ್ಲೊಂದು. ಮೇ 10ರ ನಂತರ ಇವುಗಳಲ್ಲಿ ನೂರಕ್ಕೆ 60ರಷ್ಟು ಕೇಂದ್ರಗಳು ಸತತ ಎರಡು ದಿನ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆ ಕಾಣಬೇಕು. ಪಶ್ಚಿಮದ ಗಾಳಿ ಸಾಕಷ್ಟು ಎತ್ತರದವರೆಗೆ, ಸಾಕಷ್ಟು ಬಲವಾಗಿ ಬೀಸಬೇಕು. ಮೋಡದ ದಟ್ಟಣೆಯೂ ತಾಳೆಯಾಗಬೇಕು. ಆಗ ಎರಡನೆಯ ದಿನ ಘೋಷಣೆ.

ಜೂನ್ 1 ಎಂಬುದು ಬಹಳ ವರ್ಷಗಳ ಸರಾಸರಿ ಅಷ್ಟೇ. 2023ರಲ್ಲಿ ಮುಂಗಾರು ಬಂದದ್ದು ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೇ. ಇಲಾಖೆಯ ದಾಖಲೆಯಲ್ಲಿ ಅತಿ ಬೇಗನೆಂದರೆ 1918ರ ಮೇ 11, ಅತಿ ತಡವೆಂದರೆ 1972ರ ಜೂನ್ 18. ಸರಿಯಾಗಿ ಜೂನ್ 1ಕ್ಕೇ ಬಂದರೆ, 2020ರಲ್ಲಿ ಹಾಗೆ ಬಂದಾಗ, ಅದೇ ಸುದ್ದಿಯಾಗುತ್ತದೆ.

ರೈತರ ಲೆಕ್ಕದಲ್ಲಿ ಜೂನ್ 1 ಎಂದೂ ರೋಹಿಣಿ ಮಳೆಯ ನಡುವೆಯೇ ಇರುತ್ತದೆ. ಮಳೆ ನಕ್ಷತ್ರಗಳು ಸೂರ್ಯನನ್ನು ಹಿಡಿದು ಎಣಿಸುವಂಥವು. ರೋಹಿಣಿ ಮೇ 25ರ ಸುಮಾರಿಗೆ ಹುಟ್ಟಿ, ಜೂನ್ 7-8ಕ್ಕೆ ಮೃಗಶಿರಕ್ಕೆ ದಾರಿ ಬಿಡುತ್ತದೆ. ಹಬ್ಬಗಳಂತೆ ಇವು ಹಿಂದೆ ಮುಂದೆ ಓಡಾಡುವುದಿಲ್ಲ. ಬಂಡಿಹಬ್ಬದ ಬದಲು ಮಳೆ ನಕ್ಷತ್ರದ ಲೆಕ್ಕ ಹೇಳಿದ್ದರೆ ಆ ತಾಯಿಯ ಮಗನಿಗೆ ಒಂದೆರಡು ವಾರದೊಳಗಿನ ತಾರೀಖಾದರೂ ಸಿಗುತ್ತಿತ್ತು.

ಅಂಕೋಲೆಯ ಮೇಲೆ ಹಾದುಹೋಗುವ ಕೊಂಕಣ ರೈಲ್ವೆ ಮಾತ್ರ ಜೂನ್ 1ಕ್ಕೆ ಮಣೆ ಹಾಕಿಲ್ಲ. ಗುಡ್ಡ ಜರಿಯುವ ಭಯದಿಂದ ವೇಗ ಇಳಿಸುವ ಅದರ ಮಳೆಗಾಲದ ವೇಳಾಪಟ್ಟಿ ಬಹಳ ವರ್ಷ ಜೂನ್ 10ಕ್ಕೆ ಶುರುವಾಗುತ್ತಿತ್ತು.

ಸಮುದ್ರಕ್ಕೆ 61 ದಿನ

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಒಟ್ಟು 61 ದಿನ. ಟ್ರಾಲರ್, ಪರ್ಸೀನ್ ಬೋಟುಗಳು ಬಂದರಿನಲ್ಲೇ ನಿಲ್ಲಬೇಕು. ಕರ್ನಾಟಕದಲ್ಲಿ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಇರುವ ನಾಡದೋಣಿಗಳಿಗೂ ತಡೆ. ಪಾತಿ ದೋಣಿ, ಕೈಬಲೆಯವರಿಗೆ ಅಡ್ಡಿಯಿಲ್ಲ. ಪೂರ್ವ ಕರಾವಳಿಯಲ್ಲಿ ಈ ರಜೆ ಏಪ್ರಿಲ್ 15ರಿಂದ ಜೂನ್ 14. ಕೇರಳ ತನ್ನ ಕಡಲಿಗೆ ಜೂನ್ 10ರ ಹೊತ್ತಿಗೆ ಶುರುಮಾಡಿ 52 ದಿನಕ್ಕೆ ನಿಲ್ಲಿಸುತ್ತದೆ. ಮೀನಿಗೆ ರಾಜ್ಯದ ಗಡಿ ಗೊತ್ತಿಲ್ಲದ್ದರಿಂದ ಈ ವ್ಯತ್ಯಾಸದ ಬಗ್ಗೆ ನಮ್ಮ ಮೀನುಗಾರರ ತಕರಾರು ಇದ್ದೇ ಇದೆ.

ಕಾರಣ ಎರಡು. ಈ ತಿಂಗಳುಗಳಲ್ಲಿ ಅನೇಕ ಜಾತಿಯ ಮೀನು ಮೊಟ್ಟೆಯಿಡುತ್ತವೆ, ಮರಿಗಳು ಬೆಳೆಯುತ್ತವೆ. ಆಗ ಸಣ್ಣ ಕಣ್ಣಿನ ಬಲೆ ಎಳೆದರೆ ಮುಂದಿನ ವರ್ಷದ ಬಂಗಡೆ, ತಾರ್ಲೆಯನ್ನು ಈಗಲೇ ಮುಗಿಸಿದಂತೆ. ಜೊತೆಗೆ ಅಬ್ಬರದ ಕಡಲಲ್ಲಿ ಜನರ ಜೀವ. ಹಿಂದೆ ನಿಷೇಧ ಇದಕ್ಕಿಂತ ಚಿಕ್ಕದಿತ್ತು, ರಾಜ್ಯದಿಂದ ರಾಜ್ಯಕ್ಕೆ ಬೇರೆಯಿತ್ತು. 61 ದಿನಕ್ಕೆ ಏರಿದ್ದು 2015ರಲ್ಲಿ. ಮೀನು ಮೊಟ್ಟೆಯಿಡುವುದು ಜೂನ್ 1ರ ಬೆಳಿಗ್ಗೆಯಿಂದಲ್ಲ, ಜಾತಿಗೊಂದು ಕಾಲ. ಆದರೆ ಬೋಟು ತಡೆಯುವ ಕಾನೂನಿಗೆ ಒಂದು ತಾರೀಖು ಬೇಕೇ ಬೇಕು.

ಆ ಎರಡು ತಿಂಗಳು ಅಂಕೋಲೆಯ ಅಡುಗೆಮನೆ ನಡೆಯುವುದು ಮೇ ತಿಂಗಳಲ್ಲಿ ಒಣಗಿಸಿಟ್ಟ ಮೀನಿನಿಂದ, ಹೊಳೆಯ ಮೀನಿನಿಂದ, ಚಿಪ್ಪಿಕಲ್ಲಿನಿಂದ.

ಕಂಪನಿ ಮುಗಿದ ದಿನ

ಇತಿಹಾಸದ ಘಟನೆಗಳಲ್ಲೂ ಒಂದನೇ ತಾರೀಖಿನ ಈ ಮೋಹ ಕಾಣುತ್ತದೆ. ಈಸ್ಟ್ ಇಂಡಿಯಾ ಕಂಪನಿ ವಿಧ್ಯುಕ್ತವಾಗಿ ವಿಸರ್ಜನೆಯಾದದ್ದು 1874ರ ಜೂನ್ 1ರಂದು. ಕಾರವಾರದ ಕಾಳುಮೆಣಸಿಗೂ ಬಟ್ಟೆಗೂ ಆಸೆಪಟ್ಟು ಇಲ್ಲಿ ಕೋಠಿ ನಡೆಸಿದ್ದ ಕಂಪನಿ ಅದು. ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಾರ್ಹ ಅಪರಾಧವಾಗಿಸಿದ ಕಾಯ್ದೆ ಜಾರಿಗೆ ಬಂದದ್ದು 1955ರ ಜೂನ್ 1ರಂದು. ಮುಂಬೈ-ಪುಣೆ ನಡುವಿನ ಡೆಕ್ಕನ್ ಕ್ವೀನ್ ರೈಲು ಮೊದಲು ಓಡಿದ್ದು 1930ರ ಜೂನ್ 1ಕ್ಕೆ. ಇವೆಲ್ಲ ಕಚೇರಿಗಳು ಗೊತ್ತುಮಾಡಿದ ದಿನಗಳು. 2001ರ ಜೂನ್ 1ರ ರಾತ್ರಿ ನೇಪಾಳದ ಅರಮನೆಯಲ್ಲಿ ರಾಜ ಬೀರೇಂದ್ರರ ಕುಟುಂಬದ ಹತ್ಯೆಯಾಯಿತಲ್ಲ, ಅಂಥದ್ದಕ್ಕೆ ಮಾತ್ರ ತಾರೀಖಿನ ಹಂಗಿರುವುದಿಲ್ಲ.

ಬೇಕೆಂದೇ ಆರಿಸಿದ ದಿನದ ತೂಕವೇ ಬೇರೆ. ಜಲಿಯನ್‌ವಾಲಾಬಾಗ್ ನಡೆದ ಏಪ್ರಿಲ್ 13ನ್ನು ನೆನೆದು ಕಾಂಗ್ರೆಸ್ ಪ್ರತಿ ವರ್ಷ ಏಪ್ರಿಲ್ 6ರಿಂದ 13ರವರೆಗೆ ರಾಷ್ಟ್ರೀಯ ಸಪ್ತಾಹ ನಡೆಸುತ್ತಿತ್ತು. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ್ದು ಸಪ್ತಾಹದ ಮೊದಲ ದಿನ, 1930ರ ಏಪ್ರಿಲ್ 6. ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರು ಸಾವಿರಾರು ಜನರ ಎದುರು ಉಪ್ಪಿನ ಕಾಯ್ದೆ ಮುರಿದದ್ದು ಅದರ ಕೊನೆಯ ದಿನ, ಏಪ್ರಿಲ್ 13. ಅಂಕೋಲೆಯವರು ನೆನೆಯಬೇಕಾದ ತಾರೀಖು ಅದು. ಹಾಗೆಯೇ ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು. 1866ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಗೋಖಲೆಯವರ ಜನ್ಮಶತಾಬ್ದಿಯ 1966ರಲ್ಲಿ ಅದು ಶುರುವಾಯಿತು. ಕೇಕಿಗಿಂತ ಹೆಚ್ಚು ಬಾಳಿಕೆಯ ಹುಟ್ಟುಹಬ್ಬ.

ಇನ್ನು ಮುಂದೆ

ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಕಾಯ್ದೆ ಹಳ್ಳಿ ಮುಟ್ಟಲು ದಶಕಗಳು ಹಿಡಿದವು. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂದ ಮೇಲೆ ಮಾಸ್ತರ ಪೆನ್ನಿಗೆ ಕೆಲಸ ತಪ್ಪಿತು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಮತದಾರರ ಪಟ್ಟಿ, ಚಾಲನಾ ಪರವಾನಗಿ, ಸರ್ಕಾರಿ ನೌಕರಿ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ದಾಖಲೆ. ಅದಕ್ಕೂ ತಿಂಗಳ ಮೊದಲ ತಾರೀಖನ್ನೇ ಹಿಡಿದರು ನೋಡಿ. ಜೂನ್ 1ರವರ ಪೀಳಿಗೆ ಇನ್ನು ಕೆಲವು ವರ್ಷ ಮೇ 31ರ ಸಂಜೆಗಳಲ್ಲಿ ಹಾರ ಹಾಕಿಸಿಕೊಳ್ಳುತ್ತ ಕಚೇರಿಗಳಿಂದ ಹೊರಬೀಳಲಿದೆ, ಆಮೇಲೆ ಮುಗಿಯಿತು.

ಮನೆಯಲ್ಲಿ ಎಳೆ ಮಗುವಿದ್ದರೆ ಗಮನಿಸಿ: ಜನನವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಹೆಸರಿಡುವ ಶಾಸ್ತ್ರ ಆಗಿಲ್ಲವೆಂದು ಕಾಯಬೇಕಿಲ್ಲ, ಹೆಸರನ್ನು ಆಮೇಲೆ ಸೇರಿಸಬಹುದು, 15 ವರ್ಷದವರೆಗೂ ಅವಕಾಶವಿದೆ. ವರ್ಷ ದಾಟಿತೆಂದರೆ ಮಾತ್ರ ಅಧಿಕಾರಿಯ ಆದೇಶಕ್ಕೆ ಅಲೆಯಬೇಕು.